ಇಂದು ರಾತ್ರಿ ಫೋನ್ ಆಫ್ ಮಾಡಬೇಕೇ? ವಿಕಿರಣ ಪಟ್ಟಿ ಕಂಡುಹಿಡಿದ ವ್ಯಾನ್ ಅಲೆನ್ ಅವರ ಕತೆ ಓದಿ

ಈ ಮೆಸೇಜ್ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಫೋನ್ ಆಫ್ ಮಾಡಿ ದೂರ ಇಡಿ, ಇಲ್ಲದಿದ್ದರೆ ದೇಹಕ್ಕೆ ಅಪಾಯ ಎಂದು ಅದರಲ್ಲಿ ಬರೆದಿರುತ್ತದೆ. ಓದಿದವರು ನಂಬಲಿ ಎಂದು ನಾಸಾ, ಬಿಬಿಸಿ ಹೆಸರುಗಳನ್ನೂ ಸೇರಿಸಿರುತ್ತಾರೆ. ವರ್ಷಗಳಿಂದ ಇದೇ ಮೆಸೇಜ್ ಸುತ್ತುತ್ತಿದೆ. ಅದರಲ್ಲಿರುವ ಆ ರಾತ್ರಿ ಮಾತ್ರ ಇನ್ನೂ ಮುಗಿದಿಲ್ಲ.

ಇನ್ನೊಂದು ಫಾರ್ವರ್ಡ್ ಇದೆ. ಭೂಮಿಯ ಸುತ್ತ ಮಾರಕ ವಿಕಿರಣದ ಪಟ್ಟಿಗಳಿವೆ, ಅವನ್ನು ದಾಟಿದವರು ಬದುಕುವುದಿಲ್ಲ, ಹಾಗಾಗಿ ಚಂದ್ರನ ಮೇಲೆ ಮನುಷ್ಯ ಇಳಿದದ್ದೇ ಸುಳ್ಳು ಎನ್ನುತ್ತದೆ ಅದು.

ಎರಡರಲ್ಲೂ ಒಂದೊಂದು ಚಿಟಿಕೆ ನಿಜವಿದೆ. ಕಾಸ್ಮಿಕ್ ಕಿರಣಗಳು ಇರುವುದು ನಿಜ. ವಿಕಿರಣ ಪಟ್ಟಿಗಳು ಇರುವುದೂ ನಿಜ. ಉಳಿದದ್ದನ್ನು ಯಾರೋ ಕೂತಲ್ಲೇ ಸೇರಿಸಿದ್ದಾರೆ. ನಿಜ ಎಲ್ಲಿ ಮುಗಿಯುತ್ತದೆ, ಕಟ್ಟುಕತೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ನಾವು ಇವತ್ತು ಒಬ್ಬರ ಬದುಕನ್ನು ನೋಡೋಣ. ಕಾಸ್ಮಿಕ್ ಕಿರಣಗಳನ್ನು ಅಳೆಯಲು ಹೋಗಿ ಈ ಪಟ್ಟಿಗಳನ್ನು ಕಂಡುಹಿಡಿದವರು ಅವರೇ. ಹೆಸರು ಜೇಮ್ಸ್ ವ್ಯಾನ್ ಅಲೆನ್.

ಸಣ್ಣ ಊರಿನ ಹುಡುಗ

ವ್ಯಾನ್ ಅಲೆನ್ ಹುಟ್ಟಿದ್ದು 1914ರ ಸೆಪ್ಟೆಂಬರ್ 7ರಂದು, ಅಮೆರಿಕದ ಐಯೋವಾ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಸಣ್ಣ ಊರಿನಲ್ಲಿ. ತಂದೆ ವಕೀಲರು. ಮನೆಯಲ್ಲಿ ನಾಲ್ವರು ಗಂಡುಮಕ್ಕಳು, ಇವರು ಎರಡನೆಯವರು.

ಕಾಲೇಜು ಓದಿದ್ದೂ ಅದೇ ಊರಿನ ಐಯೋವಾ ವೆಸ್ಲಿಯನ್‌ನಲ್ಲಿ. ಅಲ್ಲಿ ಥಾಮಸ್ ಪೌಲ್ಟರ್ ಎಂಬ ಭೌತಶಾಸ್ತ್ರದ ಮೇಷ್ಟ್ರು ಸಿಕ್ಕಿದರು. ಪೌಲ್ಟರ್ ಅಂಟಾರ್ಕ್ಟಿಕಾ ಯಾತ್ರೆಗೆ ಹೊರಟಿದ್ದರು. ಅವರ ಉಪಕರಣಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಈ ವಿದ್ಯಾರ್ಥಿಯೂ ಕೈಜೋಡಿಸಿದರು. ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಸಾಧನ ಹಿಡಿದು ತಮ್ಮ ಊರಿನ ಸುತ್ತಮುತ್ತ ಅಳತೆ ಮಾಡಿದರು. ಕಾಸ್ಮಿಕ್ ಕಿರಣಗಳನ್ನೂ ಅಳೆದರು. ಮುಂದೆ ಎಪ್ಪತ್ತು ವರ್ಷ ಅವರು ಮಾಡಿದ ಕೆಲಸದ ಬೀಜ ಅಲ್ಲೇ ಬಿದ್ದಿತ್ತು.

1939ರಲ್ಲಿ ಐಯೋವಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ವಾಷಿಂಗ್ಟನ್‌ನ ಕಾರ್ನೆಗಿ ಸಂಸ್ಥೆಯ ಭೂಕಾಂತ ವಿಭಾಗ ಸೇರಿದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಗುರಿಯ ಹತ್ತಿರ ಹೋದಾಗ ತಾನೇ ಸಿಡಿಯುವ ಫಿರಂಗಿ ಗುಂಡಿಗೆ ಪುಟ್ಟ ರೇಡಿಯೊ ಸಾಧನವೊಂದನ್ನು ಅಳವಡಿಸಬೇಕಿತ್ತು. ಗುಂಡು ಹಾರುವಾಗಿನ ಭಾರಿ ಹೊಡೆತಕ್ಕೂ ಒಡೆಯದ ಗಾಜಿನ ವಾಲ್ವುಗಳನ್ನು ಮಾಡುವುದರಲ್ಲಿ ವ್ಯಾನ್ ಅಲೆನ್ ಪಾಲಿತ್ತು. ಸಣ್ಣ ಜಾಗದಲ್ಲಿ ಗಟ್ಟಿಮುಟ್ಟಾದ ಸಾಧನ ಕೂರಿಸುವ ಈ ಕಲೆ ಮುಂದೆ ಉಪಗ್ರಹ ಕಟ್ಟುವಾಗ ಕೈಹಿಡಿಯಿತು.

ಕಿತ್ತಳೆ ರಸದ ಡಬ್ಬಿಗಳು

ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ತಂದ ವಿ-2 ರಾಕೆಟ್‌ಗಳನ್ನು ಅಮೆರಿಕದ ಮರುಭೂಮಿಯಲ್ಲಿ ಹಾರಿಸತೊಡಗಿದರು. ಯುದ್ಧಕ್ಕೆ ಮಾಡಿದ ಆ ರಾಕೆಟ್‌ಗಳ ಮೂತಿಯಲ್ಲಿ ವ್ಯಾನ್ ಅಲೆನ್ ಗೈಗರ್ ಕೌಂಟರ್ ಇಟ್ಟರು. ಗೈಗರ್ ಕೌಂಟರ್ ಎಂದರೆ ವಿಕಿರಣದ ಕಣವೊಂದು ಹಾದುಹೋದಾಗ ಒಂದು ಸಲ ಟಿಕ್ ಎನ್ನುವ ಎಣಿಕೆ ಯಂತ್ರ.

1951ರಲ್ಲಿ ಐಯೋವಾ ವಿಶ್ವವಿದ್ಯಾಲಯಕ್ಕೆ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಮರಳಿದರು. ಅಲ್ಲಿ ದೊಡ್ಡ ರಾಕೆಟ್ ಕೊಳ್ಳುವಷ್ಟು ಹಣ ಇರಲಿಲ್ಲ. ಹಾಗಾಗಿ ಸಣ್ಣ ರಾಕೆಟನ್ನು ಬಲೂನಿಗೆ ಕಟ್ಟಿ ಮೇಲಕ್ಕೆ ಬಿಟ್ಟರು. ಗಾಳಿ ತೆಳುವಾಗಿರುವ ಎತ್ತರ ತಲುಪಿದ ಮೇಲೆ ರಾಕೆಟ್ ಹೊತ್ತಿಕೊಂಡು ಇನ್ನೂ ಮೇಲೆ ಹೋಗಬೇಕು. ಕಡಿಮೆ ಖರ್ಚಿನಲ್ಲಿ ಹೆಚ್ಚು ಎತ್ತರ.

1952ರಲ್ಲಿ ಗ್ರೀನ್‌ಲ್ಯಾಂಡ್ ಬಳಿ ಹಡಗಿನಿಂದ ಬಿಟ್ಟ ಮೊದಲ ಎರಡು ರಾಕೆಟ್‌ಗಳು ಹೊತ್ತಿಕೊಳ್ಳಲೇ ಇಲ್ಲ. ಮೇಲಿನ ಚಳಿಗೆ ಒಳಗಿನ ಗಡಿಯಾರ ನಿಂತುಹೋಗುತ್ತಿರಬೇಕು ಎಂದು ವ್ಯಾನ್ ಅಲೆನ್ ಊಹಿಸಿದರು. ಹಡಗಿನಲ್ಲಿದ್ದ ಕಿತ್ತಳೆ ರಸದ ಡಬ್ಬಿಗಳನ್ನು ಬಿಸಿಮಾಡಿ ಮೂರನೆಯದರೊಳಗೆ ಇಟ್ಟು, ಸುತ್ತ ಬೆಚ್ಚಗೆ ಹೊದಿಸಿದರು. ರಾಕೆಟ್ ಹಾರಿತು.

ಮರುವರ್ಷದಿಂದ ಇಂಥ ಹಾರಾಟಗಳಲ್ಲಿ ಒಂದು ವಿಚಿತ್ರ ಕಂಡಿತು. ಧ್ರುವಪ್ರಭೆ ಮೂಡುವ ಉತ್ತರದ ಪ್ರದೇಶಗಳ ಮೇಲೆ ಕೌಂಟರ್ ನಿರೀಕ್ಷೆಗಿಂತ ಬಹಳ ಹೆಚ್ಚು ಎಣಿಸುತ್ತಿತ್ತು. ಮೇಲಿನಿಂದ ಎಲೆಕ್ಟ್ರಾನ್‌ಗಳು ವಾತಾವರಣಕ್ಕೆ ಬಂದು ಬಡಿಯುತ್ತಿರುವ ಗುರುತು ಅದು. ಆದರೆ ಅವು ಎಲ್ಲಿಂದ ಬರುತ್ತಿವೆ? ಉತ್ತರ ಬೇಕಾದರೆ ಇನ್ನೂ ಮೇಲೆ ಹೋಗಬೇಕಿತ್ತು.

ಸೊನ್ನೆ ತೋರಿಸಿದ ಯಂತ್ರ

1950ರ ಏಪ್ರಿಲ್ 5ರ ರಾತ್ರಿ ವ್ಯಾನ್ ಅಲೆನ್ ಮನೆಗೆ ಕೆಲವು ವಿಜ್ಞಾನಿಗಳು ಊಟಕ್ಕೆ ಬಂದಿದ್ದರು. ಜಗತ್ತಿನ ದೇಶಗಳೆಲ್ಲ ಸೇರಿ ಭೂಮಿಯನ್ನು ಒಟ್ಟಿಗೆ ಅಧ್ಯಯನ ಮಾಡಬೇಕು ಎಂಬ ಮಾತು ಅಂದು ಹುಟ್ಟಿತು. ಅದೇ ಬೆಳೆದು 1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ ಅಂತರರಾಷ್ಟ್ರೀಯ ಭೂಭೌತ ವರ್ಷವಾಯಿತು. ಉಪಗ್ರಹ ಹಾರಿಸುವುದೂ ಅದರ ಕಾರ್ಯಕ್ರಮವಾಗಿತ್ತು. ಸೋವಿಯತ್ ಒಕ್ಕೂಟ 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿಸಿ ಮೊದಲಾಯಿತು. ಆ ಸುದ್ದಿ ಬಂದಾಗ ವ್ಯಾನ್ ಅಲೆನ್ ಪೆಸಿಫಿಕ್ ಸಾಗರದಲ್ಲಿ ಹಡಗಿನ ಮೇಲಿದ್ದರು, ಮತ್ತದೇ ಬಲೂನು ರಾಕೆಟ್‌ಗಳ ಜೊತೆ.

ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಹಾರಿದ್ದು 1958ರ ಜನವರಿ 31ರ ರಾತ್ರಿ. ತೂಕ ಸುಮಾರು 14 ಕೆಜಿ. ಅದರೊಳಗಿದ್ದದ್ದು ಐಯೋವಾ ತಂಡದ ಗೈಗರ್ ಕೌಂಟರ್.

ಭೂಮಿಗೆ ಹತ್ತಿರ ಇದ್ದಾಗ ಕೌಂಟರ್ ಸೆಕೆಂಡಿಗೆ ಸುಮಾರು 30 ಕಣ ಎಣಿಸಿತು. ಕಾಸ್ಮಿಕ್ ಕಿರಣಗಳ ಲೆಕ್ಕಕ್ಕೆ ಅದು ಸರಿಯಾಗಿತ್ತು. ಉಪಗ್ರಹ ಎತ್ತರಕ್ಕೆ ಹೋದಾಗ ಮಾತ್ರ ಎಣಿಕೆ ಸೊನ್ನೆ. ಯಂತ್ರ ಕೆಟ್ಟಿದೆ ಎಂದುಕೊಂಡರೆ, ಕೆಳಗೆ ಬಂದಾಗ ಮತ್ತೆ ಸರಿಯಾಗಿ ಎಣಿಸುತ್ತಿತ್ತು. ಮೇಲೆ ಕಾಸ್ಮಿಕ್ ಕಿರಣಗಳೇ ಇಲ್ಲವೆ? ಅದೂ ಸಾಧ್ಯವಿರಲಿಲ್ಲ. ಎಕ್ಸ್‌ಪ್ಲೋರರ್-1ರಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲವಾದ್ದರಿಂದ ನೆಲದ ಕೇಂದ್ರಗಳ ಮೇಲೆ ಹಾದಾಗಿನ ತುಂಡು ತುಂಡು ಮಾಹಿತಿ ಮಾತ್ರ ಸಿಗುತ್ತಿತ್ತು.

ಮಾರ್ಚ್ 26ರಂದು ಹಾರಿದ ಎಕ್ಸ್‌ಪ್ಲೋರರ್-3ರಲ್ಲಿ ರೆಕಾರ್ಡರ್ ಇತ್ತು. ಒಂದು ಪೂರ್ತಿ ಸುತ್ತಿನ ಲೆಕ್ಕ ಕೈಗೆ ಸಿಕ್ಕಿತು. ವಾಷಿಂಗ್ಟನ್‌ನಲ್ಲಿ ಅದನ್ನು ಪಡೆದ ವ್ಯಾನ್ ಅಲೆನ್ ಗ್ರಾಫ್ ಹಾಳೆ, ಸ್ಕೇಲು ಕೊಂಡು ಹೋಟೆಲ್ ಕೋಣೆಗೆ ಹೋದರು. ನಡುರಾತ್ರಿ ದಾಟುವ ತನಕ ಒಂದೊಂದೇ ಚುಕ್ಕೆ ಇಟ್ಟು ರೇಖೆ ಎಳೆದರು. ಎಣಿಕೆ ಏರಿತು, ಏರಿತು, ಯಂತ್ರದ ಮಿತಿ ಮುಟ್ಟಿತು, ಆಮೇಲೆ ದಿಢೀರನೆ ಸೊನ್ನೆಗೆ ಬಿತ್ತು. ಕೆಳಗಿಳಿಯುವಾಗ ಅದೇ ಹಾದಿ ಹಿಂದುಮುಂದಾಗಿ.

ಅದೇ ಹೊತ್ತಿಗೆ ಐಯೋವಾದಲ್ಲಿ ಅವರ ವಿದ್ಯಾರ್ಥಿ ಕಾರ್ಲ್ ಮೆಕ್‌ಇಲ್ವೈನ್ ಅಂಥದೇ ಕೌಂಟರನ್ನು ಎಕ್ಸ್-ರೇ ಯಂತ್ರದ ಮುಂದೆ ಇಟ್ಟು ಪರೀಕ್ಷಿಸಿದ್ದರು. ವಿಕಿರಣ ವಿಪರೀತವಾದರೆ ಕೌಂಟರ್ ಸೊನ್ನೆ ತೋರಿಸುತ್ತದೆ ಎಂದು ಗೊತ್ತಾಯಿತು.

ಇದು ಹೇಗೆ ಸಾಧ್ಯ? ಜಾತ್ರೆ ದಿನದ ಬಸ್ಸನ್ನು ನೆನಪಿಸಿಕೊಳ್ಳಿ. ನಾಲ್ಕು ಜನ ಇದ್ದರೆ ಕಂಡಕ್ಟರ್ ನಾಲ್ಕು ಟಿಕೆಟ್ ಕೊಡುತ್ತಾರೆ. ಕಾಲಿಡಲೂ ಜಾಗವಿಲ್ಲದಷ್ಟು ಜನ ನುಗ್ಗಿದರೆ ಅವರಿಗೆ ಕೈ ಎತ್ತಲೂ ಆಗುವುದಿಲ್ಲ, ಒಂದು ಟಿಕೆಟ್ಟೂ ಹರಿಯುವುದಿಲ್ಲ. ಡಿಪೋದಲ್ಲಿ ಕೂತು ಲೆಕ್ಕ ನೋಡಿದವರಿಗೆ ಬಸ್ಸು ಖಾಲಿ ಹೋದಂತೆ ಕಾಣುತ್ತದೆ. ಎಕ್ಸ್‌ಪ್ಲೋರರ್ ಕೌಂಟರಿಗೆ ಆದದ್ದು ಹೀಗೆಯೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಈ ತಂಡ ಮಾಡಿದ್ದು ಅದನ್ನೇ. ಸೊನ್ನೆ ಕಂಡಾಗ ಏನೂ ಇಲ್ಲ ಎಂದು ಬರೆದು ಮುಗಿಸಬಹುದಿತ್ತು. ಯಂತ್ರ ಯಾಕೆ ಹೀಗೆ ಹೇಳುತ್ತಿದೆ ಎಂದು ಪರೀಕ್ಷಿಸಿದ್ದರಿಂದ ಭೂಮಿಯ ಸುತ್ತಲಿನ ವಿಕಿರಣ ಪಟ್ಟಿ ಜಗತ್ತಿಗೆ ತಿಳಿಯಿತು. 1958ರ ಮೇ 1ರಂದು ವ್ಯಾನ್ ಅಲೆನ್ ಅದನ್ನು ಪ್ರಕಟಿಸಿದರು. ಡಿಸೆಂಬರ್‌ನಲ್ಲಿ ಪಯೋನಿಯರ್-3 ಒಂದು ಲಕ್ಷ ಕಿ.ಮೀ.ಗೂ ಹೆಚ್ಚು ದೂರ ಹೋಗಿ ಬಂದಾಗ ಪಟ್ಟಿಗಳು ಎರಡು ಎಂದು ಗೊತ್ತಾಯಿತು. ಒಳಗಿನದರಲ್ಲಿ ಹೆಚ್ಚಿನ ಶಕ್ತಿಯ ಪ್ರೋಟಾನ್‌ಗಳು ಮುಖ್ಯ. ಹೊರಗಿನದು ಎಲೆಕ್ಟ್ರಾನ್‌ಗಳದ್ದು.

ಸೂರ್ಯ ಕೆಣಕಿದಾಗ

1959ರ ಮಾರ್ಚ್‌ನಲ್ಲಿ ಪಯೋನಿಯರ್-4 ಅದೇ ಪಟ್ಟಿಗಳನ್ನು ದಾಟಿತು. ಈ ಸಲ ಹೊರಪಟ್ಟಿಯ ತೀವ್ರತೆ ಮೂರು ತಿಂಗಳ ಹಿಂದಿನದಕ್ಕಿಂತ ಬಹಳ ಹೆಚ್ಚಾಗಿತ್ತು. ಅದಕ್ಕೆ ಕೆಲವು ದಿನಗಳ ಮುಂಚೆ ಸೂರ್ಯನಲ್ಲಿ ಚಟುವಟಿಕೆ ಜೋರಾಗಿತ್ತು. ಹೊರಪಟ್ಟಿ ಗೋಡೆಯ ಹಾಗೆ ಸ್ಥಿರವಾಗಿಲ್ಲ, ಸೂರ್ಯ ಕೆಣಕಿದರೆ ಉಬ್ಬುತ್ತದೆ, ಕುಗ್ಗುತ್ತದೆ ಎಂಬ ಸುಳಿವು ಸಿಕ್ಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾರಿದ ಎಕ್ಸ್‌ಪ್ಲೋರರ್-7ರಲ್ಲೂ ಐಯೋವಾದ ಉಪಕರಣವಿತ್ತು. ಭೂಕಾಂತ ಬಿರುಗಾಳಿಗಳ ಹೊತ್ತಿನಲ್ಲಿ ಹೊರಪಟ್ಟಿ ಏರಿಳಿಯುವುದನ್ನು ಅದು ಮತ್ತೆ ಮತ್ತೆ ದಾಖಲಿಸಿತು.

ಇಲ್ಲಿ ನಡೆಯುವುದು ಏನು? ಭೂಮಿ ಒಂದು ದೊಡ್ಡ ಆಯಸ್ಕಾಂತ. ಅದರ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್ ಒಟ್ಟಿಗೆ ಮೂರು ಬಗೆಯಲ್ಲಿ ಚಲಿಸುತ್ತದೆ. ಕಾಂತರೇಖೆಯ ಸುತ್ತ ಬುಗುರಿಯಂತೆ ಸುತ್ತುತ್ತದೆ. ಅದೇ ರೇಖೆಯ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಪುಟಿಯುತ್ತದೆ. ಜೊತೆಗೆ ಗಾಣದೆತ್ತಿನ ಹಾಗೆ ಇಡೀ ಭೂಮಿಯನ್ನು ಪೂರ್ವ ದಿಕ್ಕಿನಲ್ಲಿ ಸುತ್ತುತ್ತದೆ.

ಸೂರ್ಯನಿಂದ ಹೊರಟ ಬಿಸಿ ಅನಿಲದ ಮೋಡವೊಂದು ತನ್ನದೇ ಕಾಂತಕ್ಷೇತ್ರ ಹೊತ್ತು ಬಂದು ಭೂಮಿಯ ಕ್ಷೇತ್ರಕ್ಕೆ ಬಡಿದರೆ ಭೂಕಾಂತ ಬಿರುಗಾಳಿ ಏಳುತ್ತದೆ. ಆಗ ಮೊದಲು ಎಷ್ಟೋ ಎಲೆಕ್ಟ್ರಾನ್‌ಗಳು ಕಳೆದುಹೋಗುತ್ತವೆ. ಕೆಲವು ಹೊರಗಡೆ ಬಾಹ್ಯಾಕಾಶಕ್ಕೆ ಸೋರುತ್ತವೆ, ಕೆಲವು ಕೆಳಗೆ ವಾತಾವರಣಕ್ಕೆ ಸುರಿಯುತ್ತವೆ. ಆಮೇಲೆ ಕ್ಷೇತ್ರದಲ್ಲೇ ಹುಟ್ಟುವ ಅಲೆಗಳು ಉಳಿದ ಎಲೆಕ್ಟ್ರಾನ್‌ಗಳಿಗೆ ವೇಗ ತುಂಬುತ್ತವೆ. ಉಯ್ಯಾಲೆ ತೂಗುವವರನ್ನು ನೋಡಿದ್ದೀರಲ್ಲ. ಸರಿಯಾದ ಗಳಿಗೆಗೆ ಸಣ್ಣ ಸಣ್ಣ ತಳ್ಳು ಕೊಟ್ಟರೂ ಉಯ್ಯಾಲೆ ಎತ್ತರಕ್ಕೆ ಹೋಗುತ್ತದೆ. ಅಲೆ ಮತ್ತು ಎಲೆಕ್ಟ್ರಾನಿನ ತಾಳ ಕೂಡಿದಾಗಲೂ ಹಾಗೇ. ಕೆಲವೇ ಗಂಟೆ, ದಿನಗಳಲ್ಲಿ ಎಲೆಕ್ಟ್ರಾನ್‌ಗಳು ಬೆಳಕಿನ ವೇಗಕ್ಕೆ ಹತ್ತಿರವಾಗುತ್ತವೆ.

ಕಳೆದುಕೊಳ್ಳುವುದು, ಗಳಿಸುವುದು ಎರಡೂ ನಡೆಯುವುದರಿಂದ ಪ್ರತಿ ಬಿರುಗಾಳಿಯ ಫಲ ಬೇರೆ. ಸುಮಾರು ಅರ್ಧದಷ್ಟು ಬಿರುಗಾಳಿಗಳ ನಂತರ ಹೊರಪಟ್ಟಿಯ ಎಲೆಕ್ಟ್ರಾನ್‌ಗಳು ಹೆಚ್ಚುತ್ತವೆ. ಉಳಿದವುಗಳಲ್ಲಿ ಕೆಲವು ಪಟ್ಟಿಯನ್ನು ಬರಿದು ಮಾಡುತ್ತವೆ, ಕೆಲವು ಹೆಚ್ಚೇನೂ ಬದಲಿಸುವುದಿಲ್ಲ.

ಮನುಷ್ಯನೇ ಮಾಡಿದ ಪಟ್ಟಿ

ವ್ಯಾನ್ ಅಲೆನ್ ಬದುಕಿನಲ್ಲಿ ಕಸಿವಿಸಿ ಹುಟ್ಟಿಸುವ ಅಧ್ಯಾಯವೂ ಇದೆ. ಪಟ್ಟಿಗಳು ಪತ್ತೆಯಾದ ಕೆಲವೇ ತಿಂಗಳಿಗೆ, 1958ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಅಮೆರಿಕ ದಕ್ಷಿಣ ಅಟ್ಲಾಂಟಿಕ್ ಮೇಲೆ ಗುಟ್ಟಾಗಿ ಮೂರು ಅಣುಬಾಂಬ್ ಸಿಡಿಸಿತು. ಬಾಂಬಿನ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸಿಕ್ಕಿಬೀಳುತ್ತವೆಯೇ ಎಂದು ನೋಡುವುದು ಉದ್ದೇಶ. ಅದನ್ನು ಅಳೆದ ಎಕ್ಸ್‌ಪ್ಲೋರರ್-4ರಲ್ಲಿ ಇದ್ದದ್ದು ವ್ಯಾನ್ ಅಲೆನ್ ತಂಡದ ಉಪಕರಣ. ಎಲೆಕ್ಟ್ರಾನ್‌ಗಳು ಸಿಕ್ಕಿಬಿದ್ದವು.

1962ರ ಜುಲೈನಲ್ಲಿ ಪೆಸಿಫಿಕ್ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಸ್ಟಾರ್‌ಫಿಶ್ ಪ್ರೈಮ್ ಎಂಬ ಇನ್ನೂ ದೊಡ್ಡ ಬಾಂಬ್ ಸಿಡಿಸಿದರು. ಹುಟ್ಟಿದ ಕೃತಕ ಪಟ್ಟಿ ಬೇಗ ಕರಗಲಿಲ್ಲ. ಮರುದಿನವೇ ಹಾರಿದ ಟೆಲ್‌ಸ್ಟಾರ್ ಎಂಬ ಸಂಪರ್ಕ ಉಪಗ್ರಹ ಆ ವಿಕಿರಣಕ್ಕೆ ಸಿಕ್ಕಿ ನವೆಂಬರ್‌ನಲ್ಲಿ ಕೈಕೊಟ್ಟಿತು, 1963ರ ಫೆಬ್ರವರಿಯಲ್ಲಿ ಪೂರ್ತಿ ಸತ್ತಿತು. ಬ್ರಿಟನ್ನಿನ ಏರಿಯಲ್-1 ಉಪಗ್ರಹಕ್ಕೂ ಪೆಟ್ಟು ಬಿತ್ತು. ಬಾಹ್ಯಾಕಾಶದಲ್ಲಿ ಅಣುಪರೀಕ್ಷೆ ಬೇಡ ಎಂಬ ಒಪ್ಪಂದ ಆದದ್ದು 1963ರಲ್ಲಿ. ಸೂರ್ಯ ತಾನಾಗಿ ಮಾಡುವುದನ್ನು ಮನುಷ್ಯ ಮಾಡಲು ಹೋದರೆ ಯಾರ ಆಸ್ತಿ ಹಾಳಾಗುತ್ತದೆ ಎಂದು ಆಗ ತಿಳಿಯಿತು.

ಗುರು, ಶನಿಯ ಕಡೆಗೆ

ಬರೀ ಭೂಮಿಗೆ ಮಾತ್ರ ಇಂಥ ಪಟ್ಟಿ ಇದೆಯೇ? 1973ರ ಡಿಸೆಂಬರ್‌ನಲ್ಲಿ ಪಯೋನಿಯರ್-10 ಗುರುಗ್ರಹದ ಪಕ್ಕ ಹಾದಾಗ ವ್ಯಾನ್ ಅಲೆನ್ ಅವರ ಗೈಗರ್ ಕೌಂಟರ್‌ಗಳು ಅದರೊಳಗಿದ್ದವು. ಗುರುವಿನ ಪಟ್ಟಿಗಳು ಭೂಮಿಯದಕ್ಕಿಂತ ಎಷ್ಟೋ ಪಟ್ಟು ತೀವ್ರ. ಅಲ್ಲಿ ಸೂರ್ಯನ ಗಾಳಿಗಿಂತ ಗ್ರಹದ ವೇಗದ ತಿರುಗುವಿಕೆ ಮತ್ತು ಅಯೋ ಎಂಬ ಚಂದ್ರನ ಜ್ವಾಲಾಮುಖಿಗಳು ಉಗುಳುವ ವಸ್ತು ಹೆಚ್ಚಿನ ಕೆಲಸ ಮಾಡುತ್ತವೆ. 2016ರಿಂದ ಗುರುವನ್ನು ಸುತ್ತುತ್ತಿರುವ ಜೂನೊ ನೌಕೆಯ ಎಲೆಕ್ಟ್ರಾನಿಕ್ ಭಾಗಗಳನ್ನು ಟೈಟಾನಿಯಂ ಪೆಟ್ಟಿಗೆಯಲ್ಲಿ ಇಟ್ಟಿರುವುದು ಈ ಎಲೆಕ್ಟ್ರಾನ್‌ಗಳ ಭಯಕ್ಕೇ.

1979ರ ಸೆಪ್ಟೆಂಬರ್ 1ರಂದು ಪಯೋನಿಯರ್-11 ಶನಿಯನ್ನು ತಲುಪಿತು. ಅಲ್ಲಿಯೂ ವಿಕಿರಣ ಪಟ್ಟಿ ಸಿಕ್ಕಿತು. ನೌಕೆ ಉಂಗುರಗಳ ಕಡೆ ಸರಿದಾಗ ಮಾತ್ರ ಎಣಿಕೆ ಕುಸಿಯಿತು. ಉಂಗುರಗಳ ಕಲ್ಲು, ಹಿಮ ಕಣಗಳನ್ನು ಹೀರಿಬಿಡುತ್ತಿದ್ದವು. ಈ ಸಲದ ಸೊನ್ನೆ ನಿಜವಾಗಿಯೂ ಸೊನ್ನೆಯೇ ಆಗಿತ್ತು.

ಬಾಹ್ಯಾಕಾಶಕ್ಕೆ ಮನುಷ್ಯರನ್ನು ಕಳಿಸುವುದಕ್ಕಿಂತ ಯಂತ್ರಗಳನ್ನು ಕಳಿಸಿದರೆ ವಿಜ್ಞಾನಕ್ಕೆ ಹೆಚ್ಚು ಲಾಭ ಎಂದು ವ್ಯಾನ್ ಅಲೆನ್ ಕೊನೆಯವರೆಗೂ ವಾದಿಸಿದರು. 1985ರಲ್ಲಿ ನಿವೃತ್ತರಾದರೂ ವಿಶ್ವವಿದ್ಯಾಲಯದ ಕೋಣೆಗೆ ಬರುವುದು ಬಿಡಲಿಲ್ಲ. 1989ರಲ್ಲಿ ಕ್ರಾಫೋರ್ಡ್ ಪ್ರಶಸ್ತಿ ಬಂತು. ಪಯೋನಿಯರ್-10ರ ಕೊನೆಯ ಕ್ಷೀಣ ಸಂಕೇತ 2003ರ ಜನವರಿಯಲ್ಲಿ ಬಂದಾಗ ಅವರಿಗೆ 88 ವರ್ಷ. 2006ರ ಆಗಸ್ಟ್ 9ರಂದು ಐಯೋವಾ ಸಿಟಿಯಲ್ಲಿ ತೀರಿಕೊಂಡರು.

2012ರ ಆಗಸ್ಟ್‌ನಲ್ಲಿ ನಾಸಾ ಪಟ್ಟಿಗಳೊಳಗೇ ಸುತ್ತುವ ಎರಡು ಉಪಗ್ರಹಗಳನ್ನು ಕಳಿಸಿತು. ಅವಕ್ಕೆ ವ್ಯಾನ್ ಅಲೆನ್ ಹೆಸರನ್ನೇ ಇಟ್ಟರು. ಹಾರಿದ ಕೆಲವೇ ದಿನಗಳಲ್ಲಿ ಅವು ತಾತ್ಕಾಲಿಕವಾದ ಮೂರನೇ ಪಟ್ಟಿಯೊಂದನ್ನು ಕಂಡವು. ಅಲೆಗಳು ಎಲೆಕ್ಟ್ರಾನ್‌ಗಳಿಗೆ ಪಟ್ಟಿಯ ಒಳಗೇ ವೇಗ ತುಂಬುತ್ತವೆ ಎಂಬುದಕ್ಕೆ ಗಟ್ಟಿ ಸಾಕ್ಷಿಯೂ ಸಿಕ್ಕಿತು. 2019ರವರೆಗೆ ಅವು ಕೆಲಸ ಮಾಡಿದವು.

ಹಾಗಾದರೆ ಅಪಾಯ ಯಾರಿಗೆ?

ಈಗ ನಮ್ಮ ಫಾರ್ವರ್ಡ್‌ಗಳಿಗೆ ಬರೋಣ.

ಮೊದಲನೆಯದು, ರಾತ್ರಿ ಬರುವ ಕಾಸ್ಮಿಕ್ ಕಿರಣ. ಕಾಸ್ಮಿಕ್ ಕಿರಣಗಳು ಹಗಲೂ ರಾತ್ರಿ ಬರುತ್ತಲೇ ಇರುತ್ತವೆ. ಅವು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳಲ್ಲಿ ಒಂದೆರಡು ನೀವು ಇದನ್ನು ಓದುತ್ತಿರುವಾಗ ಪ್ರತಿ ಸೆಕೆಂಡೂ ನಿಮ್ಮ ಅಂಗೈಯನ್ನು ಹಾದುಹೋಗುತ್ತಿವೆ. ಮನುಷ್ಯ ಹುಟ್ಟುವ ಮುಂಚಿನಿಂದಲೂ ಹೀಗೇ ಇದೆ. ಫೋನ್ ಅವನ್ನು ಸೆಳೆಯುವುದಿಲ್ಲ, ಆಫ್ ಮಾಡಿದರೆ ಅವು ನಿಲ್ಲುವುದೂ ಇಲ್ಲ.

ಎರಡನೆಯದು, ಚಂದ್ರಯಾನ ಸುಳ್ಳು ಎಂಬ ಮಾತು. ವಿಕಿರಣದಲ್ಲಿ ಮುಖ್ಯವಾದದ್ದು ಎಷ್ಟು ತೀವ್ರ, ಎಷ್ಟು ಹೊತ್ತು ಎಂಬ ಎರಡೂ ಲೆಕ್ಕ. ಕೆಂಡದ ಮೇಲೆ ಕೈ ಸರಕ್ಕನೆ ಹಾಯಿಸುವುದಕ್ಕೂ ಕೈ ಇಟ್ಟುಕೊಂಡು ಕೂರುವುದಕ್ಕೂ ವ್ಯತ್ಯಾಸವಿದೆ. ಅಪೊಲೊ ನೌಕೆಗಳು ಪಟ್ಟಿಗಳ ದಟ್ಟ ಭಾಗದ ಅಂಚಿನಲ್ಲಿ ಕೆಲವೇ ಗಂಟೆಗಳಲ್ಲಿ ದಾಟಿದವು. ಯಾತ್ರಿಗಳ ಮೈಗೆ ತಾಗಿದ ವಿಕಿರಣವನ್ನು ಅವರ ಜೊತೆಗಿದ್ದ ಸಾಧನಗಳು ಅಳೆದವು. ಅದು ಕಾಯಿಲೆ ಬೀಳಿಸುವ ಮಟ್ಟಕ್ಕಿಂತ ಬಹಳ ಕಡಿಮೆ ಇತ್ತು.

ನಿಜವಾದ ಅಪಾಯ ಇರುವುದು ಪಟ್ಟಿಯೊಳಗೇ ವರ್ಷಗಟ್ಟಲೆ ಬಾಳುವ ಉಪಗ್ರಹಗಳಿಗೆ. ವೇಗದ ಎಲೆಕ್ಟ್ರಾನ್‌ಗಳು ಉಪಗ್ರಹದ ಹೊರಕವಚ ತೂರಿ ಒಳಗಿನ ತಂತಿಗಳ ಹೊದಿಕೆಯಲ್ಲಿ ಕೂರುತ್ತವೆ. ಕೂಡುತ್ತಾ ಕೂಡುತ್ತಾ ಒಂದು ದಿನ ಕಿಡಿ ಹಾರುತ್ತದೆ, ಚಳಿಗಾಲದಲ್ಲಿ ನೈಲಾನ್ ಬಟ್ಟೆ ಕಳಚುವಾಗ ಚಟಪಟ ಎನ್ನುವಂತೆ. 1994ರ ಜನವರಿಯಲ್ಲಿ ಕೆನಡಾದ ಅನಿಕ್ ಉಪಗ್ರಹಗಳೆರಡು ಹೀಗೆ ದಿಕ್ಕುತಪ್ಪಿದವು. ಟಿವಿ, ದೂರವಾಣಿ ಸೇವೆ ನಿಂತಿತು. ಒಂದನ್ನು ಕೆಲವು ಗಂಟೆಗಳಲ್ಲಿ ಸರಿಪಡಿಸಿದರು. ಇನ್ನೊಂದಕ್ಕೆ ತಿಂಗಳುಗಳೇ ಬೇಕಾದವು.

ನಮ್ಮ ಇನ್ಸಾಟ್, ಜಿಸ್ಯಾಟ್ ಸಂಪರ್ಕ ಉಪಗ್ರಹಗಳೂ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಇದೇ ಹೊರಪಟ್ಟಿಯ ವ್ಯಾಪ್ತಿಯಲ್ಲಿವೆ. ಅವನ್ನು ನೋಡಿಕೊಳ್ಳುವ ಇಸ್ರೊ ಕೇಂದ್ರ ನಮ್ಮ ಹಾಸನದಲ್ಲಿದೆ. 2024ರ ಮೇ 10, 11ರಂದು ಭಾರಿ ಭೂಕಾಂತ ಬಿರುಗಾಳಿ ಎದ್ದು, ಲಡಾಖ್‌ನ ಹಾನ್ಲೆಯಲ್ಲಿರುವ ಬೆಂಗಳೂರಿನ ಖಭೌತ ಸಂಸ್ಥೆಯ ಕ್ಯಾಮೆರಾಗಳಲ್ಲಿ ಕೆಂಪು ಪ್ರಭೆ ಸೆರೆಯಾಯಿತು. ಅದೇ ಬಿರುಗಾಳಿ ಪಟ್ಟಿಗಳ ನಡುವೆ ತಾತ್ಕಾಲಿಕ ಹೊಸ ಪಟ್ಟಿಗಳನ್ನೂ ಹುಟ್ಟಿಸಿತು. ಅಂಥ ರಾತ್ರಿ ನಿದ್ದೆಗೆಡಬೇಕಾದವರು ಉಪಗ್ರಹ ಕಾಯುವ ಇಂಜಿನಿಯರ್‌ಗಳು. ನೀವು ಫೋನನ್ನು ಚಾರ್ಜಿಗೆ ಹಾಕಿ ಮಲಗಬಹುದು.

ಮುಂದಿನ ಸಲ ಆ ಮೆಸೇಜ್ ಬಂದಾಗ, ಯಾರಿಗಾದರೂ ಕಳಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ತಾರೀಕು ಇದೆಯೇ? ಹೇಳಿದವರು ಯಾರು? ಅಳೆದವರು ಯಾರು? ತನ್ನದೇ ಯಂತ್ರ ಸೊನ್ನೆ ತೋರಿಸಿದಾಗಲೂ ವ್ಯಾನ್ ಅಲೆನ್ ಹಾಗೇ ನಂಬಲಿಲ್ಲ. ಊರು ಹೆಸರಿಲ್ಲದ ಒಂದು ಫಾರ್ವರ್ಡನ್ನು ನಾವು ಯಾಕೆ ನಂಬಬೇಕು?